ಎಡಗಡೆ ಮೂವತ್ತೆಂಟು

ಜೂನ್ 17, ಮಂಗಳವಾರ, ಬೆಳಿಗ್ಗೆ 8 ಗಂಟೆ 12 ನಿಮಿಷ. ಹೋದ ವರ್ಷದ ಡೈರಿಯಲ್ಲಿ ಈ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಮೂಗಿನಿಂದ ಬಿದ್ದ ರಕ್ತದ ಒಂದು ಹನಿ ಪುಟದ ಮೂಲೆಯಲ್ಲಿ ಈಗ ಕಂದು ಬಣ್ಣಕ್ಕೆ ತಿರುಗಿದೆ. ಮೊನ್ನೆ ಈ ಸಲದ ಮೊದಲ ಮಳೆಗೆ ಮುಂಬಯಿಯ ದಹಿಸರ್‌ನ ನಮ್ಮ ಅಂಗಡಿಯ ಮುಂದೆ ಈರುಳ್ಳಿ ಚೀಲಗಳು ನೆನೆದವು. ಒದ್ದೆ ಗೋಣಿ, ಒಳಗೆಲ್ಲೋ ಕೊಳೆಯತೊಡಗಿದ ಒಂದು ಈರುಳ್ಳಿ, ಎರಡೂ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮನೆಗೆ ಹೋಗಿ ಹಳೆಯ ಡೈರಿ ತೆಗೆದೆ. ಹೋದ ವರ್ಷದ ಮಳೆಗಾಲ ಪೂರ್ತಿ ನಮ್ಮ ಮನೆ ಹೀಗೇ ನಾರುತ್ತಿತ್ತು.

ಆ ಬೆಳಿಗ್ಗೆ ನಾನು ಲೋಕಲ್‌ನ ಬಾಗಿಲ ಹತ್ತಿರ ನಿಂತಿದ್ದೆ. ಅಂಧೇರಿಯಲ್ಲಿ ಲಿಫ್ಟ್ ರಿಪೇರಿ ಮಾಡುವ ಒಂದು ಕಂಪನಿಯಲ್ಲಿ ಫೋನ್ ತೆಗೆದುಕೊಳ್ಳುವ ಕೆಲಸ ನನ್ನದು. ಯಾವ ಬಿಲ್ಡಿಂಗ್‌ನಲ್ಲಿ ಲಿಫ್ಟ್ ನಿಂತಿದೆ, ಒಳಗೆ ಎಷ್ಟು ಜನ ಇದ್ದಾರೆ, ಫೋನ್ ಎಷ್ಟು ಗಂಟೆಗೆ ಬಂತು, ಮೆಕ್ಯಾನಿಕ್ ಎಷ್ಟಕ್ಕೆ ತಲುಪಿದ, ಎಲ್ಲ ಬರೆದಿಡಬೇಕು. ಬರೆದಿಡುವುದು ಚಿಕ್ಕಂದಿನಿಂದಲೂ ನನ್ನ ಚಟ. ಲೋಕಲ್‌ನಲ್ಲಿ ಒಂದು ರೂಢಿಯಿದೆ. ಇಳಿಯುವವನು ಒಂದು ಸ್ಟೇಷನ್ ಮುಂಚೆಯೇ ಮುಂದೆ ನಿಂತವನನ್ನು ‘ಉತರ್‌ನಾ ಹೈ ಕ್ಯಾ?’ ಎಂದು ಕೇಳುತ್ತಾನೆ. ಇಳಿಯುವವನಾದರೆ ಹೂಂ ಅನ್ನಬೇಕು, ಅಲ್ಲದಿದ್ದರೆ ಸರಿದು ಜಾಗ ಬಿಡಬೇಕು. ಉತ್ತರ ಕೊಡದೆ ಅಡ್ಡ ನಿಂತರೆ ಬೈದಂತೆಯೇ ಲೆಕ್ಕ. ನನ್ನ ಎಡಗಡೆ ನಿಂತಿದ್ದ ಒಬ್ಬಾತ ಮೂರು ಸಲ ಕೇಳಿದನಂತೆ. ನನಗೆ ಕೇಳಲಿಲ್ಲ. ಜೋಗೇಶ್ವರಿ ಬಂತು, ಹೋಯಿತು, ಅವನಿಗೆ ಇಳಿಯಲಾಗಲಿಲ್ಲ. ರೈಲು ಹೊರಟದ್ದೇ ಅವನ ಮುಷ್ಟಿ ನನ್ನ ಮೂಗಿನ ಮೇಲೆ ಬಿತ್ತು.

‘ಬೆಹರಾ ಹೈ ಕ್ಯಾ ಸಾಲೇ?’

ಕಿವುಡನೇನೋ ಎಂದದ್ದು ಕೇಳಿತು, ಯಾಕೆಂದರೆ ಈಗ ಅವನು ಎದುರಿಗಿದ್ದ. ನಾನು ಅವನ ಕಾಲರ್ ಹಿಡಿದು ಬಾಗಿಲ ನಡುವಿನ ಕಂಬಕ್ಕೆ ತಲೆ ಚಚ್ಚಿದೆ. ಅವನದು ಮೂರು ಗುದ್ದು, ನನ್ನದು ಎರಡು, ಸುತ್ತಲಿದ್ದವರು ಇಬ್ಬರಿಗೂ ಸೇರಿಸಿ ಹಾಕಿದ್ದು ಎಷ್ಟೋ. ಅಂಧೇರಿಯಲ್ಲಿ ನಮ್ಮಿಬ್ಬರನ್ನೂ ಹೊರಗೆ ದೂಡಿದರು. ಪ್ಲಾಟ್‌ಫಾರ್ಮಿನ ಮೇಲೆ ಅವನು ಹಣೆ ಒರೆಸಿಕೊಳ್ಳುತ್ತ ನನ್ನ ಮುಖವನ್ನೇ ನೋಡಿದ. ಸಿಟ್ಟು ಇಳಿದಿತ್ತು. ‘ತೀನ್ ಬಾರ್ ಪೂಛಾ, ಭಾಯ್. ಡಾಕ್ಟರ್ ಕೋ ದಿಖಾ ದೇ,’ ಎಂದು ಹೇಳಿ ಬ್ರಿಡ್ಜ್ ಹತ್ತಿ ಓಡಿದ. ನನ್ನ ಕಾಯಿಲೆಯನ್ನು ಮೊದಲು ಕಂಡುಹಿಡಿದವನು ಅವನೇ. ಹೆಸರು ಕೇಳಲಿಲ್ಲ, ಆ ಕಾಲಂ ಖಾಲಿ ಇದೆ.

ಆಫೀಸಿನಲ್ಲಿ ಹೆಡ್‌ಸೆಟ್ಟನ್ನು ಎಡಗಿವಿಗೆ ಹಾಕಿ ನೋಡಿದೆ. ಗೋರೆಗಾಂವ್‌ನ ಲಿಫ್ಟ್ ಒಂದರೊಳಗೆ ಸಿಕ್ಕಿಕೊಂಡ ಹೆಂಗಸೊಬ್ಬಳು ಅಳುತ್ತಿದ್ದಳು. ದನಿ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಬಲಗಿವಿಗೆ ಹಾಕಿದೆ, ಬಿಲ್ಡಿಂಗ್ ಹೆಸರು, ಮಹಡಿ ಎಲ್ಲ ಸ್ಪಷ್ಟ. ಆರು ತಿಂಗಳಿಂದ ನಾನು ನನಗರಿವಿಲ್ಲದೆಯೇ ಫೋನನ್ನು ಬಲಗಡೆ ಹಿಡಿಯುತ್ತಿದ್ದೆ ಎಂಬುದು ಆಗ ಹೊಳೆಯಿತು. ಎಡಗಿವಿಯಲ್ಲಿ ಕುಕ್ಕರ್ ಸೀಟಿ ಹೊಡೆಯುವ ಮುಂಚಿನ ಸುಂಯ್ ಸದ್ದು ಇತ್ತು. ಅದು ಪಕ್ಕದ ಮನೆಯದು ಎಂದುಕೊಂಡಿದ್ದೆ. ಅದು ಎಂದೂ ಸೀಟಿ ಹೊಡೆಯಲಿಲ್ಲ, ನಿಲ್ಲಲೂ ಇಲ್ಲ.

ಜೂನ್ 21ಕ್ಕೆ ದಹಿಸರ್‌ನ ಕಿವಿ ಡಾಕ್ಟರು, 30ಕ್ಕೆ ಎಂಆರ್‌ಐ. ಯಂತ್ರದೊಳಗೆ ಇಪ್ಪತ್ತೆಂಟು ನಿಮಿಷ. ತಗಡಿನ ಪೀಪಾಯಿಯಲ್ಲಿ ಹಾಕಿ ಹೊರಗಿನಿಂದ ಸುತ್ತಿಗೆಯಲ್ಲಿ ಬಡಿದಂತೆ. ಬಲಗಡೆಯ ಬಡಿತ ಮಾತ್ರ ಪೂರ್ತಿ ತಾಗುತ್ತಿತ್ತು.

ಜುಲೈ 4, ಶುಕ್ರವಾರ, ಅಂಧೇರಿಯ ಒಂದು ಆಸ್ಪತ್ರೆ. ಜೊತೆಗೆ ನನ್ನ ತಂಗಿ ಸುಜಾತಾ ಬಂದಿದ್ದಳು. ಸರ್ಜನ್ ಒಬ್ಬ ಹೆಂಗಸು. ಫಿಲ್ಮನ್ನು ಬೆಳಕಿಗೆ ಸಿಕ್ಕಿಸಿ ಪೆನ್ನಿನ ತುದಿಯಿಂದ ಒಂದು ಬಿಳಿ ಚುಕ್ಕೆ ತೋರಿಸಿದರು. ಅಕೌಸ್ಟಿಕ್ ನ್ಯೂರೋಮಾ. ದೇಹದ ಸಮತೋಲ ಕಾಯುವ ನರದ ಸಿಪ್ಪೆಯ ಮೇಲೆ ಬೆಳೆದ ಗಡ್ಡೆ, ಹದಿನಾಲ್ಕು ಮಿಲಿಮೀಟರ್. ಕ್ಯಾನ್ಸರ್ ಅಲ್ಲ. ಆದರೆ ಅದೇ ಸಂದಿಯಲ್ಲಿ ಕೇಳುವ ನರವೂ ಮುಖದ ನರವೂ ಹಾದುಹೋಗುತ್ತವೆ. ದಾರಿ ಮೂರು. ಕಿವಿಯ ಹಿಂದೆ ಬುರುಡೆ ತೆರೆದು ತೆಗೆಯುವುದು: ಆ ಕಿವಿ ಪೂರ್ತಿ ಹೋಗಬಹುದು, ಮುಖದ ಒಂದು ಪಾರ್ಶ್ವ ಜೋಲುಬೀಳುವ ಭಯವೂ ಇದೆ. ಎರಡನೆಯದು ಕಿರಣ ಬಿಟ್ಟು ಸುಡುವುದು: ಗಡ್ಡೆ ಹೋಗುವುದಿಲ್ಲ, ಬೆಳೆಯುವುದು ಹೆಚ್ಚಾಗಿ ನಿಲ್ಲುತ್ತದೆ, ಕಿವಿ ನಿಧಾನವಾಗಿ ಇನ್ನಷ್ಟು ಮಂದವಾಗಬಹುದು. ಮೂರನೆಯದು ಏನೂ ಮಾಡದೆ ಆರು ತಿಂಗಳಿಗೊಮ್ಮೆ ಅಳೆಯುವುದು. ‘ನಿನ್ನ ತಲೆ, ನೀನೇ ಆರಿಸು. ಆತುರವಿಲ್ಲ,’ ಎಂದರು ಹಿಂದಿಯಲ್ಲಿ.

ಸುಜಾತಾ ಫೈಲ್ ಹಿಡಿದು ಕೌಂಟರಿಗೆ ಹೋದಳು. ಅವಳು ಹೊರಗೆ ಹೋಗುವುದನ್ನೇ ಕಾದು ನಾನು ಕೇಳಿದೆ: ‘ಮ್ಯಾಡಮ್, ಮಾರ್ ಖಾನೇ ಸೆ ಹೋತಾ ಹೈ ಕ್ಯಾ? ಥಪ್ಪಡ್ ಸೆ?’

ಅವರು ಬರೆಯುತ್ತಿದ್ದ ಕೈ ನಿಲ್ಲಿಸಿ ನನ್ನನ್ನು ನೋಡಿದರು. ‘ನಹೀ. ಥಪ್ಪಡ್ ಸೆ ಕಾನ್ ಕಾ ಪರ್ದಾ ಫಟ್ ಸಕ್ತಾ ಹೈ. ಯೇ ನಹೀ ಹೋತಾ. ಯೇ ಅಪನೇ ಆಪ್ ಆತಾ ಹೈ.’

ಹೊರಗೆ ಬಂದು ಬೆಂಚಿನ ಮೇಲೆ ಕೂತು ಬರೆದೆ: 11.40. ಏಟಿನಿಂದ ಕಿವಿಯ ಪರದೆ ಹರಿಯಬಹುದು, ಈ ಗಡ್ಡೆ ಬರುವುದಿಲ್ಲ. ಆ ಪುಟದ ಕೊನೆಯ ಸಾಲು ಅದು.

ಯಾಕೆ ಕೇಳಿದೆ ಎಂದರೆ, ನಮ್ಮಪ್ಪ ಹೊಡೆಯುವವನು. ವಿಜಯಪುರದ ಕಡೆಯಿಂದ ಬಂದು ದಹಿಸರ್‌ನಲ್ಲಿ ಈರುಳ್ಳಿ-ಬಟಾಟೆ ಅಂಗಡಿ ಇಟ್ಟವನು, ಐವತ್ತು ಕಿಲೋ ಚೀಲ ಒಂದೇ ಕೈಯಲ್ಲಿ ಎಳೆಯುತ್ತಿದ್ದ. ಆ ಕೈ ಸಿಟ್ಟು ಬಂದಾಗ ನನ್ನ ಕಪಾಳಕ್ಕೆ ಬರುತ್ತಿತ್ತು. ಆರನೇ ಕ್ಲಾಸಿನಲ್ಲಿ ನಾನು ಡೈರಿ ಶುರು ಮಾಡಿದ್ದೇ ಅದನ್ನು ಬರೆದಿಡಲು. ಯಾರಿಗೂ ತೋರಿಸುವುದಕ್ಕಲ್ಲ. ಬರೆದರೆ ಅದು ಮುಗಿದಂತೆ ಅನ್ನಿಸುತ್ತಿತ್ತು, ಅಷ್ಟೇ.

ಆ ಸಂಜೆ ಮನೆಯಲ್ಲಿ ಸುಜಾತಾ ವರದಿ ಒಪ್ಪಿಸಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಆಡುವಾಗ ತಡವರಿಸುತ್ತಾಳೆ, ಅಣ್ಣನಾದ ನನ್ನನ್ನು ದಾದಾ ಎನ್ನುತ್ತಾಳೆ. ‘ದಾದಾ ಕೆ ಕಾನ್ ಕೆ ಒಳಗ... ಅದೇನಂತಾರ, ಗಾಂಠ್... ಹಾಂ, ಗಡ್ಡಿ!’

ಈರುಳ್ಳಿಯನ್ನು ಉಳ್ಳಾಗಡ್ಡಿ ಎನ್ನುವ ಮನೆ ನಮ್ಮದು. ಬೆಳಗಿನಿಂದ ಸಂಜೆಯವರೆಗೆ ಗಡ್ಡಿ ಎಂಬ ಶಬ್ದವಿಲ್ಲದೆ ಒಂದು ಮಾತು ಮುಗಿಯುವುದಿಲ್ಲ. ಅವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. ಅಪ್ಪ ವ್ಯಾಪಾರದ ದನಿಯಲ್ಲೇ ಕೇಳಿದ:

‘ಎಷ್ಟು ದೊಡ್ಡದು? ಗೋಲ್ಟಿಯಷ್ಟೇನು?’

ಗೋಲ್ಟಿ ಎಂದರೆ ಆರಿಸಿ ಆರಿಸಿ ಕಡೆಗೆ ಉಳಿಯುವ ಪುಟ್ಟ ಈರುಳ್ಳಿ.

‘ಅದಕ್ಕಿಂತ ಸಣ್ಣದು,’ ಎಂದೆ.

‘ಹಂಗಾದ್ರ ತಗಸಿ ಒಗಿ. ಚೀಲದಾಗ ಒಂದು ಕೊಳತರ ನಾವು ಇಟ್ಕೊಂಡು ಕುಂದ್ರತೀವೇನು?’

ನಾನು ಡೈರಿ ತೆರೆದು ಆ ದಿನದ ಪುಟ ಓದಿದೆ. ಮೂರು ದಾರಿ, ಅಳತೆ, ಮುಖದ ನರ, ಎಲ್ಲ. ಕೊನೆಯ ಸಾಲಿಗೆ ಬರುವ ಮುಂಚೆ ಅಪ್ಪ ಅವ್ವನ ಕಡೆ ತಿರುಗಿ ಹೇಳಿದ: ‘ಮುಂಜಾನಿಂದ ಸಂಜಿ ಮಟಾ ಕಿವಿಗೆ ಆ ಮಷಿನ್ ತುರುಕ್ಕೊಂಡು ಕುಂದ್ರತಾನ. ಗಡ್ಡಿ ಬೆಳೀಲಾರದ ಮತ್ತೇನು ಹೂವು ಬೆಳೀತದೇನು?’

ಡೈರಿ ಮುಚ್ಚಿದೆ. ಅಟ್ಟದ ಮೇಲಿನ ಟ್ರಂಕ್‌ನಿಂದ ಹಳೆಯ ನೋಟ್‌ಬುಕ್ ಇಳಿಸಿದೆ. ನಿಂತುಕೊಂಡೇ ಓದಿದೆ.

‘ಆಗಸ್ಟ್ 3. ತಿರುಗಿ ಮಾತಾಡಿದ್ದಕ್ಕೆ. ಎಡಗಡೆ ಒಂದು. ಆಗಸ್ಟ್ 19. ಬಟಾಟೆ ಚೀಲ ಮಳೆಯಲ್ಲಿ ಬಿಟ್ಟದ್ದಕ್ಕೆ. ಎಡಗಡೆ ಎರಡು. ಸೆಪ್ಟೆಂಬರ್ 2. ಕಾರಣ ಗೊತ್ತಿಲ್ಲ. ಎಡಗಡೆ ಮೂರು...’

ಏಳು ವರ್ಷದ್ದನ್ನು ಪೂರ್ತಿ ಓದಿದೆ. ಎಡಗಡೆ ಮೂವತ್ತೆಂಟು, ಬಲಗಡೆ ಮೂರು. ಬಲಗಡೆಯ ಮೂರು ಅಪ್ಪನ ಬಲಗೈಗೆ ಪ್ಲಾಸ್ಟರ್ ಹಾಕಿದ್ದ ತಿಂಗಳಿನವು. ‘ಗಡ್ಡೆ ಇರೋದು ಎಡಗಡೆ,’ ಎಂದೆ. ಅಷ್ಟೇ ಹೇಳಿದ್ದು. ಸುಳ್ಳು ಒಂದೂ ಇರಲಿಲ್ಲ.

ಅವ್ವ ಇಪ್ಪತ್ತೆಂಟು ವರ್ಷ ಅಪ್ಪನನ್ನು ‘ರೀ’ ಎಂದೇ ಕರೆದವಳು. ಅವತ್ತು ಏಕವಚನಕ್ಕೆ ಇಳಿದಳು. ‘ನನ್ನ ಕೂಸಿನ ಗಲ್ಲ ನಿನಗ ಹಲಗಿ ಆಗಿತ್ತೇನೋ ಬಡೀಲಿಕ್ಕೆ?’ ಎಂದು ಕೈಯಲ್ಲಿದ್ದ ಲಟ್ಟಣಿಗೆಯಿಂದ ಹೊಡೆದಳು. ಭುಜಕ್ಕೆ, ಮೊಣಕೈಗೆ, ಬೆನ್ನಿಗೆ. ಸುಜಾತಾ ಅಡ್ಡ ಹೋಗಿ ತಾನೊಂದು ತಿಂದಳು. ಅಪ್ಪ ಕೈ ಅಡ್ಡ ಹಿಡಿಯಲಿಲ್ಲ. ಗೋಡೆಗೊರಗಿ ನೆಲಕ್ಕೆ ಕುಸಿದು ತನ್ನ ಬಲಗೈಯ ಅಂಗೈಯನ್ನು ನೋಡುತ್ತ ಕೂತ. ಲಟ್ಟಣಿಗೆಯ ಏಟು ಏಳು. ಬರೆದಿದ್ದೇನೆ.

ಡಾಕ್ಟರ್ ಹೇಳಿದ ಆ ಕೊನೆಯ ಸಾಲನ್ನು ನಾನು ಮರುದಿನ ಹೇಳಬಹುದಿತ್ತು. ಹೇಳಲಿಲ್ಲ. ಮೊದಲ ವಾರ ಅದರಲ್ಲೊಂದು ರುಚಿಯಿತ್ತು. ನಾನು ಕೋಣೆಗೆ ಬಂದರೆ ಅಪ್ಪ ಟಿವಿ ಸದ್ದು ತಗ್ಗಿಸುತ್ತಿದ್ದ. ಫ್ಯಾನಿನ ಸ್ವಿಚ್ಚಿಗೆಂದು ನಾನು ಕೈ ಎತ್ತಿದರೆ ಬೆಚ್ಚಿಬೀಳುತ್ತಿದ್ದ. ಆ ಬೆಚ್ಚುವಿಕೆಗಾಗಿಯೇ ನಾನು ಎರಡು ಸಲ ಬೇಕೆಂದೇ ಕೈ ಎತ್ತಿದ್ದೇನೆ. ಕಿವಿಯ ಸುಂಯ್ ಹೆಚ್ಚಾದ ದಿನ ಬಾತ್‌ರೂಮಿನ ಗೋಡೆಗೆ ತಲೆ ಜಜ್ಜಿಕೊಳ್ಳುತ್ತಿದ್ದೆ. ಸದ್ದು ಹೊರಗೆ ಕೇಳಲಿ ಎಂದು ಸ್ವಲ್ಪ ಜೋರಾಗಿಯೇ.

ಜುಲೈ 12ಕ್ಕೆ ಮಾಟುಂಗದಲ್ಲಿ ಕಿರಣ ಚಿಕಿತ್ಸೆಯ ಡಾಕ್ಟರನ್ನು ನೋಡಲು ಹೋದೆವು. ಅಪ್ಪ ತಾನೂ ಬರುತ್ತೇನೆಂದ. ಆ ಡಾಕ್ಟರು ತಮ್ಮ ದಾರಿಯೇ ಒಳ್ಳೆಯದು ಎಂದರು, ಸರ್ಜನ್ ತಮ್ಮದನ್ನು ಹಾಗೆ ಅಂದಿರಲಿಲ್ಲ. ಹೊರಗೆ ಛತ್ರಿ ಮುರಿಯುವ ಮಳೆ. ಒಂದು ಉಡುಪಿ ಹೋಟೆಲಿಗೆ ನುಗ್ಗಿದೆವು. ಇಡ್ಲಿ ತಂದಿಟ್ಟ ಸಪ್ಲಾಯರ್ ನನ್ನ ಎಡಗಡೆ ನಿಂತು ಏನೋ ಕೇಳಿದ. ನಾನು ಇಡ್ಲಿ ಮುರಿಯತೊಡಗಿದೆ. ‘ಎಂತ ಮಾರಾಯ, ಸಾಂಬಾರ್ ಮುಳುಗಿಸಿ ಕೊಡುದಾ, ಬೇರೆ ಕೊಡುದಾ? ಅದು ಪರೀಕ್ಷೆಯ ಪ್ರಶ್ನೆ ಅಲ್ಲ,’ ಎಂದು ನಕ್ಕ. ಅಪ್ಪ ಎದ್ದು ನನ್ನ ಎಡಗಡೆಗೆ ಬಂದು ಕೂತ. ಅಲ್ಲಿಂದ ಮುಂದೆ ಎಲ್ಲಿ ಹೋದರೂ ಅವನು ನನ್ನ ಎಡಗಡೆಯೇ.

ಬಿಲ್ಲಿನ ಹಿಂದೆ ನಾನು ಮೂರು ಕಾಲಂ ಎಳೆದೆ. ಕೊಯ್ಯುವುದು, ಸುಡುವುದು, ಕಾಯುವುದು. ಒಂದೊಂದರ ಕೆಳಗೆ ಲಾಭ, ನಷ್ಟ. ಅಪ್ಪ ಅದನ್ನು ನೋಡುತ್ತ ತಣ್ಣಗಾದ ಚಹಾ ಕುಡಿದ.

‘ಕೊಯ್ಸು,’ ಎಂದ. ‘ಅದು ತಲ್ಯಾಗ ಇರೂತನಾ ನನಗ ಊಟ ಸೇರೂದಿಲ್ಲ.’

‘ಬಾಯಿ ಸೊಟ್ಟ ಆದ್ರ?’

‘ನನ್ನ ಬಾಯಿ ಸೊಟ್ಟ ಆಗ್ಲಿ ಅಂತ ದೇವರಿಗೆ ಕೇಳ್ಕೋತೀನಿ.’

ಆಗಲೂ ನಾನು ಹೇಳಲಿಲ್ಲ. ಬದಲಿಗೆ ಕೊಯ್ಯುವುದರ ಕಾಲಂನಲ್ಲಿ ಇನ್ನೊಂದು ಟಿಕ್ ಹಾಕಿದೆ. ಅದರ ಎದುರಿಗೆ ಕಾರಣ ಬರೆಯಲಿಲ್ಲ. ಕಾರಣ ನನಗೆ ಗೊತ್ತಿತ್ತು: ಬೋಳಿಸಿದ ತಲೆ, ಕಿವಿ ಹಿಂದಿನ ಹೊಲಿಗೆ, ಜೋಲುಬಿದ್ದ ತುಟಿ, ಅದನ್ನೆಲ್ಲ ಅಪ್ಪ ದಿನಾ ನೋಡಲಿ.

ಜುಲೈ 19, ಶನಿವಾರ, ಅಂಗಡಿಯ ಮುಂದೆ ಟೆಂಪೊ ಖಾಲಿ ಮಾಡುತ್ತಿದ್ದೆವು. ಡ್ರೈವರ್ ನನ್ನ ಎಡಗಡೆಯಿಂದ ‘ಹಟೋ’ ಎಂದು ಕೂಗಿದ. ನಾನು ಸರಿಯಲಿಲ್ಲ. ಚೀಲ ನನ್ನ ಭುಜಕ್ಕೆ ಬಡಿದು ಒಡೆಯಿತು, ಈರುಳ್ಳಿ ಗಟಾರದ ತನಕ ಉರುಳಿದವು. ‘ಬೆಹರಾ ಸಾಲಾ,’ ಎಂದ ಅವನು. ಅಪ್ಪ ಚೀಲ ಎಳೆಯುವ ಕಬ್ಬಿಣದ ಕೊಕ್ಕೆ ಹಿಡಿದು ಅವನ ಮೇಲೆ ಹಾರಿದ. ಡ್ರೈವರ್ ಟೆಂಪೊ ಸುತ್ತ ಎರಡು ಸುತ್ತು ಓಡಿದ, ಮೂರನೆಯದರಲ್ಲಿ ಜಾರಿಬಿದ್ದ. ಕೊಕ್ಕೆ ಅವನ ಅಂಗಿಯ ತೋಳು ಸೀಳಿ ಟೆಂಪೊದ ಟಾರ್ಪಾಲಿಗೆ ಸಿಕ್ಕಿಕೊಂಡಿತು. ಒಂದು ಗೇಣು ಈಚೆ ಬಿದ್ದಿದ್ದರೆ ಕತ್ತು. ಪಕ್ಕದ ಅಂಗಡಿಯವರು ಹಿಡಿದುಕೊಂಡರು. ಅಪ್ಪ ಅವರ ಕೈಯಲ್ಲಿ ಒದ್ದಾಡುತ್ತ ಕನ್ನಡದಲ್ಲಿ ಅರಚುತ್ತಿದ್ದ, ಆ ಬೀದಿಯಲ್ಲಿ ಯಾರಿಗೂ ಅರ್ಥವಾಗದ ಹಾಗೆ: ‘ಅವನ್ನ ಕಿವುಡ ಮಾಡಿದಂವ ನಾ ಅದೀನಿ! ನನಗ ಅನ್ನು! ನನಗ ಅನ್ನು!’

ಆ ದಿನದ ಪುಟದಲ್ಲಿ ನಾನು ಬರೆದದ್ದು ಒಂದೇ ಸಾಲು. ‘ಹದಿನೈದು ದಿನ ಆಯಿತು. ಹೇಳಬೇಕು.’ ಮುಂದಿನ ಎಂಟು ಪುಟಗಳಲ್ಲೂ ಅದೇ ಸಾಲು ಇದೆ, ದಿನದ ಸಂಖ್ಯೆ ಮಾತ್ರ ಬೇರೆ.

ಜುಲೈ 28, ಶ್ರಾವಣದ ಮೊದಲ ಸೋಮವಾರ, ಬೆಳಿಗ್ಗೆ 6.20. ಅಪ್ಪ ದಿನಾ ಸ್ನಾನ ಮಾಡಿ ದೇವರ ಫೋಟೊದ ಮುಂದೆ ನಿಂತು ತಪ್ಪಾಯಿತೆಂದು ಎರಡೂ ಗಲ್ಲಕ್ಕೆ ಮೆಲ್ಲಗೆ ಬಡಿದುಕೊಳ್ಳುತ್ತಾನೆ. ಎಲ್ಲರೂ ಮಾಡುವುದು ಅದು, ಬೆರಳ ತುದಿ ತಾಗಿದರೆ ತಾಗಿತು. ನಾನು ಅಡುಗೆಮನೆಯ ಬಾಗಿಲಲ್ಲಿ ಹಲ್ಲುಜ್ಜುತ್ತ ನಿಂತಿದ್ದೆ. ಆ ದಿನ ಸದ್ದು ಬೇರೆಯಿತ್ತು. ತುಂಬಿದ ಚೀಲ ನೆಲಕ್ಕೆ ಹಾಕಿದ ಹಾಗೆ. ಬಲಗೈ ಒಂದೇ ಎದ್ದು ಬೀಳುತ್ತಿತ್ತು, ಎಡಗಲ್ಲದ ಮೇಲೆ, ಕಿವಿಯೂ ಸೇರಿ. ನಾನು ಚಟಕ್ಕೆ ಎಣಿಸುತ್ತಿದ್ದೆ. ಇಪ್ಪತ್ತೊಂಬತ್ತಕ್ಕೆ ಇದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದು ತಿಳಿಯಿತು. ತಿಳಿದ ಮೇಲೂ ಒಂಬತ್ತು ಏಟನ್ನು ನಾನು ಬ್ರಷ್ ಬಾಯಲ್ಲಿಟ್ಟುಕೊಂಡು ನಿಂತು ಎಣಿಸಿದೆ.

ಮೂವತ್ತೆಂಟಕ್ಕೆ ನಿಲ್ಲಿಸಿದ. ಊದುಬತ್ತಿ ಹಚ್ಚಲು ಬಾಗಿದಾಗ ವಾಲಿ, ದೇವರ ಮಣೆಯನ್ನು ಹಿಡಿದುಕೊಂಡ. ಹಿತ್ತಾಳೆಯ ದೀಪ ಉರುಳಿತು. ಎಡಗಿವಿಯಿಂದ ಒಂದು ಸಣ್ಣ ಗೆರೆ ರಕ್ತ ಕತ್ತಿನವರೆಗೆ ಇಳಿದಿತ್ತು.

‘ಅಪ್ಪಾ, ಏಟಿನಿಂದ ಬರೋದಲ್ಲ ಅದು!’ ಎಂದು ಕೂಗಿದೆ. ಬಾಯಿಂದ ನೊರೆ ಹಾರಿತು. ‘ಡಾಕ್ಟರ್ ಅವತ್ತಽ ಹೇಳಿದ್ರು. ನಾ ಹೇಳಲಿಲ್ಲ ನಿನಗ!’

‘ಆಂ?’ ಎಂದ ಅಪ್ಪ, ಬಲಗಿವಿ ನನ್ನ ಕಡೆ ತಿರುಗಿಸಿ.

ಡೈರಿ ತಂದು ತೋರಿಸಿದೆ. ಅಪ್ಪ ಊರಿನ ಶಾಲೆಯಲ್ಲಿ ನಾಲ್ಕನೆಯವರೆಗೆ ಓದಿದವನು, ಕನ್ನಡ ಮಾತ್ರ ಓದುತ್ತಾನೆ. ಬೆರಳಿಟ್ಟು ಆ ಸಾಲು ಓದಿದ. ಮತ್ತೊಮ್ಮೆ ಓದಿದ. ಆಮೇಲೆ ಹೆಬ್ಬೆರಳಿನಿಂದ ಶಾಯಿಯನ್ನು ಉಜ್ಜಿ ನೋಡಿದ, ಹೊಸದೋ ಹಳೆಯದೋ ಎಂದು.

‘ಅವತ್ತ ನೀ ಓದ್ತಾ ಓದ್ತಾ ಪುಸ್ತಕ ಮುಚ್ಚಿದಿ,’ ಎಂದ ಮೆಲ್ಲಗೆ. ‘ಇದನ್ನ ಯಾವಾಗ ಬೇಕಾದ್ರೂ ಬರೀಬಹುದು. ರಕ್ತ ನೋಡಿ ಈಗ ಬರ್ದಿ. ನನ್ನ ಸಮಾಧಾನಕ್ಕ.’

ದಹಿಸರ್‌ನ ಕಿವಿ ಡಾಕ್ಟರು ನೋಡಿ ಪರದೆ ಹರಿದಿದೆ ಎಂದರು. ಕೂಡಿಕೊಳ್ಳಲು ಎರಡು ತಿಂಗಳು ಹಿಡಿಯಿತು, ಕೂಡಿದ ಮೇಲೂ ಮೊದಲಿನಷ್ಟು ಕೇಳುವುದಿಲ್ಲ. ಅಪ್ಪನನ್ನು ಸರ್ಜನ್ ಹತ್ತಿರವೂ ಕರೆದೊಯ್ದೆ. ಅವರು ಹಿಂದಿಯಲ್ಲಿ, ಮರಾಠಿಯಲ್ಲಿ, ಕೊನೆಗೆ ಕಾಗದದ ಮೇಲೆ ನರದ ಚಿತ್ರ ಬರೆದು ಹೇಳಿದರು. ಅಪ್ಪ ಕೈಮುಗಿದು ಕೇಳಿಸಿಕೊಂಡ. ಲಿಫ್ಟಿನಲ್ಲಿ ಇಳಿಯುವಾಗ, ‘ಪಾಪ, ನೀ ಹೇಳಿಕೊಟ್ಟಂಗ ಹೇಳಿದ್ರು. ಭಾಳ ಛಲೋ ಹೆಣಮಗಳು,’ ಎಂದ.

ನಾನು ಮೂರು ಕಾಲಂ ಮತ್ತೆ ಬರೆದೆ. ಈ ಸಲ ಕೊಯ್ಯುವುದರ ಕೆಳಗೆ ಕಾರಣವಿಲ್ಲದ ಟಿಕ್ಕಿನ ಎದುರಿಗೆ ನಿಜ ಬರೆದೆ, ಬರೆದು ಹೊಡೆದುಹಾಕಿದೆ. ಅದು ಹೋದ ಮೇಲೆ ಆ ಕಾಲಂನಲ್ಲಿ ಹೆಚ್ಚೇನೂ ಉಳಿಯಲಿಲ್ಲ. ಆಗಸ್ಟ್ 9ಕ್ಕೆ ಸರ್ಜನ್‌ಗೆ ಹೇಳಿದೆ, ಕಾಯುತ್ತೇನೆ ಎಂದು. ಬೆಳೆದರೆ ಕಿರಣ, ತೀರ ಬೆಳೆದರೆ ಕೊಯ್ಯುವುದು. ಜನವರಿಯಲ್ಲಿ ಅಳೆದಾಗ ಹದಿನಾಲ್ಕೇ ಇತ್ತು. ಮುಂದಿನದು ಈ ಜುಲೈನಲ್ಲಿ. ಕಿವಿಯ ಪರೀಕ್ಷೆಯಲ್ಲಿ ಇಪ್ಪತ್ತು ಶಬ್ದ ಓದಿದರೆ ಎಡಗಿವಿಗೆ ಏಳು ಸಿಗುತ್ತವೆ, ಹೋದ ವರ್ಷದಷ್ಟೇ. ಲೋಕಲ್‌ನಲ್ಲಿ ಈಗ ನಾನು ಎಡಭುಜವನ್ನು ಕಂಬಕ್ಕೆ ಒತ್ತಿ ನಿಲ್ಲುತ್ತೇನೆ, ಆ ಕಡೆಯಿಂದ ಯಾರೂ ಏನೂ ಕೇಳದ ಹಾಗೆ.

ಅಪ್ಪ ಆ ಸೋಮವಾರದಿಂದ ಯಾರ ಮೇಲೂ ಕೈ ಎತ್ತಿಲ್ಲ. ಆದರೆ ದೇವರ ಮುಂದೆ ನಿಂತಾಗ ಅವನ ಬಲಗೈ ತಾನಾಗಿ ಗಲ್ಲದ ಕಡೆ ಏಳುತ್ತದೆ, ಅವ್ವ ಪಕ್ಕದಲ್ಲೇ ನಿಂತು ಆ ಕೈಯನ್ನು ಹಿಡಿದುಕೊಳ್ಳುತ್ತಾಳೆ. ಮೊನ್ನೆ ಒದ್ದೆ ಚೀಲ ಬಿಚ್ಚಿ ಕೊಳೆತದ್ದನ್ನು ಹುಡುಕುತ್ತಿದ್ದಾಗ ನಾನು ಅವನ ಎಡಗಡೆಯಿಂದ ಕರೆದೆ. ಅವನಿಗೆ ಕೇಳಲಿಲ್ಲ. ಬಲಗಡೆಗೆ ಸುತ್ತಿ ಹೋಗಿ, ‘ಅಪ್ಪಾ, ಈಗರೆ ನಂಬ್ತಿಯಾ?’ ಎಂದೆ. ಚೀಲದಿಂದ ತಲೆ ಎತ್ತದೆಯೇ ಹೇಳಿದ: ‘ಒಂದೂ ಏಟು ತಿನ್ನದಂವಗ ಇದು ಬಂದೈತಿ ಅಂತ ಯಾರರೆ ಹೇಳ್ಲಿ. ನೀ ಅಲ್ಲ, ಬ್ಯಾರೆ ಯಾರರೆ. ಆಗ ನೋಡೂಣು.’

ಅದಕ್ಕೇ ಇದನ್ನು ಇಲ್ಲಿ ಬರೆದಿದ್ದೇನೆ. ಓದುವವರಲ್ಲಿ ಯಾರಿಗಾದರೂ, ಅಥವಾ ನಿಮ್ಮವರಲ್ಲಿ ಯಾರಿಗಾದರೂ, ಕಿವಿಯ ನರದ ಮೇಲೆ ಇಂಥ ಗಡ್ಡೆ ಬಂದಿದ್ದು, ಬಾಳಿನಲ್ಲಿ ಯಾರೂ ಅವರ ಕಪಾಳಕ್ಕೆ ಒಮ್ಮೆಯೂ ಹೊಡೆದಿಲ್ಲವಾದರೆ, ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾಗದ ಹಾಕಿ. ಯಾವ ಕಡೆ, ಎಷ್ಟು ಮಿಲಿಮೀಟರ್, ಯಾವಾಗ ತಿಳಿಯಿತು, ಇಷ್ಟು ಸಾಕು. ಕನ್ನಡದಲ್ಲಿ ಬರೆಯಿರಿ, ಅಕ್ಷರ ಸ್ವಲ್ಪ ದೊಡ್ಡದಿರಲಿ. ಲಕೋಟೆಯನ್ನು ನಾನು ಒಡೆಯುವುದಿಲ್ಲ. ಅಪ್ಪನೇ ಒಡೆದು ಓದುತ್ತಾನೆ.